ಮನೆಮಂದಿಗೆಲ್ಲ ಒಪ್ಪುವ ಉಪಾಹಾರಗೃಹ

ಮನೆಯಲ್ಲಿ ಅಡಿಗೆ ಮಾಡಿ ಎಲ್ಲರ ನಾಲಗೆಗೂ ಒಪ್ಪಿಸುವುದು ಕಷ್ಟವೆಂಬುದನ್ನು ಗೃಹಿಣಿಯರೆಲ್ಲರೂ ಬಲ್ಲರು. ಅದೇ ಮಂದಿಯನ್ನು ಹೊರಗೆ ಕರೆದುಕೊಂಡು ಹೋಗಿ, ಕೈಚೀಲಕ್ಕೆ ಭಾರವಾಗದಂತೆ, ಒಂದೇ ಮೇಜಿನಲ್ಲಿ ತೃಪ್ತಿಯಾಗಿ ಉಣ್ಣಿಸುವುದು ಅದಕ್ಕಿಂತಲೂ ಕಷ್ಟವೆಂಬುದು ಅನುಭವವಾದವರಿಗೆ ಮಾತ್ರ ತಿಳಿಯತಕ್ಕ ಸಂಗತಿ. ಇಂಥ ಒಂದು ಅನುಭವವು ನಮಗೂ ಆಯಿತು. ಅದರಿಂದ ಕಲಿತ ಕೆಲವು ಮಾತುಗಳನ್ನು ವಾಚಕರಲ್ಲಿ ಅರಿಕೆಮಾಡುವುದು ಉಚಿತವೆಂದು ತೋರಿದುದರಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ.

ನಮ್ಮ ಮನೆಯಲ್ಲಿ ಆರು ಮಂದಿ. ಎಪ್ಪತ್ತೆಂಟು ವರ್ಷದ ಅಜ್ಜಿ, ಮಕ್ಕಳ ಚಿಕ್ಕಪ್ಪ, ಗಂಡಹೆಂಡಿರು, ಹನ್ನೊಂದು ವರ್ಷದ ಹುಡುಗಿ, ಆರು ವರ್ಷದ ಹುಡುಗ. ಅಜ್ಜಿಗೆ ಈರುಳ್ಳಿ ಬೆಳ್ಳುಳ್ಳಿ ವರ್ಜ್ಯ. ಚಿಕ್ಕಪ್ಪನಿಗೆ ಅನ್ನ ಬೀಳದ ಎಲೆ ಎಲೆಯೇ ಅಲ್ಲ. ದೋಸೆಯು ಎಂದಿಗೂ ಊಟವಾಗದೆಂಬುದು ಆತನ ಸಿದ್ಧಾಂತ. ಹುಡುಗನಿಗೆ ದೋಸೆಯ ಹೊರತು ಬೇರೆ ಯಾವುದೂ ಗಂಟಲಲ್ಲಿ ಇಳಿಯದು; ಆ ದೋಸೆಯೊಳಗೂ ಪಲ್ಯವಿರಕೂಡದು, ಮೇಲೆ ಕೆಂಪು ಚಟ್ನಿಯನ್ನು ಸವರಿರಕೂಡದು. ಹುಡುಗಿ ಉಳಿದವರು ಏನನ್ನು ಬೇಡವೆನ್ನುವರೋ ಅದನ್ನೇ ಬೇಕೆನ್ನುವಳು. ಹೀಗಿರುವಲ್ಲಿ, ಶ್ರಾವಣಮಾಸದ ಒಂದು ಭಾನುವಾರ, ಗೃಹಿಣಿಗೆ ಒಂದು ದಿನವಾದರೂ ಒಲೆಯ ಮುಂದಿನಿಂದ ಬಿಡುವು ದೊರೆಯಲೆಂದು, ಬೆಂಗಳೂರಿನ ದಕ್ಷಿಣಭಾಗದ ಒಂದು ದೊಡ್ಡ ಹೋಟೆಲಿಗೆ ಎಲ್ಲರೂ ಹೊರಟೆವು.

ಅಲ್ಲಿಗೆ ತಲುಪಿದಾಗ ಮಧ್ಯಾಹ್ನ ಒಂದು ಗಂಟೆ. ಬಾಗಿಲಲ್ಲಿ ಅರ್ಧ ಗಂಟೆ ಕಾದು ಒಳಗೆ ಕುಳಿತ ಮೇಲೆ ತಿಳಿದದ್ದೇನೆಂದರೆ, ಆ ವೇಳೆಯಲ್ಲಿ ಊಟ ಮಾತ್ರ. ದೋಸೆಯ ಕಾವಲಿಗೆ ನಾಲ್ಕು ಗಂಟೆಯವರೆಗೆ ವಿರಾಮ. ಒಂದು ಊಟವನ್ನು ಇಬ್ಬರು ಹಂಚಿಕೊಳ್ಳಕೂಡದೆಂದು ಗೋಡೆಯ ಮೇಲೆ ಬರೆದಿತ್ತು. ತಲೆಗೆ 260 ರೂಪಾಯಿಯಂತೆ ಆರು ಊಟಗಳು ಬಂದವು. ಹುಡುಗನು ಒಂದು ಹಪ್ಪಳವನ್ನು ಮುರಿದು ತಿಂದು, ಉಳಿದುದನ್ನು ನೋಡಿ ಅಳಲಾರಂಭಿಸಿದನು. ಹುಳಿಯಲ್ಲಿ ಈರುಳ್ಳಿ, ಪಲ್ಯದಲ್ಲಿ ಬೆಳ್ಳುಳ್ಳಿ ಇದ್ದುದರಿಂದ ಅಜ್ಜಿಗೆ ಮೊಸರನ್ನವೇ ಗತಿಯಾಯಿತು. ಪಕ್ಕದ ಮೇಜಿನವರು ತಿರುಗಿ ನೋಡುತ್ತಿದ್ದ ಸಂಕೋಚದಲ್ಲಿ ನಾವು ಹುಡುಗನನ್ನು ಗಟ್ಟಿಯಾಗಿ ಗದರಿಸಿದೆವು. ಅವನನ್ನು ಸಮಾಧಾನಪಡಿಸುವಷ್ಟರಲ್ಲಿ ತಾಯಿಯ ಅನ್ನ ಆರಿಹೋಯಿತು. ತೆರಿಗೆ ಸೇರಿ 1,638 ರೂಪಾಯಿ ತೆತ್ತು ಮನೆಗೆ ಬಂದೆವು. ಯಾರ ಬಿಡುವಿಗೆಂದು ಹೊರಟಿದ್ದೆವೋ ಆಕೆಯೇ ಮೂರು ಗಂಟೆಗೆ ಮತ್ತೆ ಒಲೆ ಹೊತ್ತಿಸಿ, ಹಸಿದ ಮಗುವಿಗೆ ದೋಸೆ ಹುಯ್ದುಕೊಟ್ಟಳು.

ಅಜ್ಜಿ ಅಂದು ಹೇಳಿದ್ದು ಒಂದೇ ಮಾತು: "ಹಣ ಹೋದರೆ ಹೋಗಲಿ. ಆ ಕೂಸನ್ನು ನಾಲ್ಕು ಮಂದಿಯ ಎದುರಿಗೆ ಬೈದಿರಲ್ಲ, ಅದು ಆಗಬಾರದಾಗಿತ್ತು." ಈ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಮಕ್ಕಳ ಈ ಬೇಕುಬೇಡಗಳನ್ನು ನಾವು ಸಾಮಾನ್ಯವಾಗಿ ಹಠವೆಂದೂ ಮುದ್ದಿನ ಫಲವೆಂದೂ ತಿಳಿಯುವೆವು. ಆದರೆ ಬಲ್ಲವರ ಅಭಿಪ್ರಾಯ ಬೇರೆಯಾಗಿದೆ. ಹೊಸ ತಿನಿಸನ್ನು ಕಂಡು ಹಿಂಜರಿಯುವುದು ಸುಮಾರು ಎರಡರಿಂದ ಆರು ವರ್ಷದವರೆಗಿನ ಮಕ್ಕಳಲ್ಲಿ ಬಹಳ ಸಾಮಾನ್ಯವಾದ ಗುಣ. ಅನೇಕರಲ್ಲಿ ಅದು ವಯಸ್ಸಿನೊಡನೆ ತಾನೇ ಸಡಿಲುವುದು. ಒಂದು ಹೊಸ ಪದಾರ್ಥವು ಮಗುವಿಗೆ ಒಗ್ಗಬೇಕಾದರೆ ಅದು ಎಂಟು ಹತ್ತು ಬಾರಿ, ಕೆಲವು ಮಕ್ಕಳಿಗೆ ಅದಕ್ಕೂ ಹೆಚ್ಚು ಬಾರಿ, ಬಲವಂತವಿಲ್ಲದೆ ಎದುರಿಗೆ ಬರಬೇಕು. ಬಲವಂತ ಮಾಡಿದಷ್ಟೂ ಬೇಸರ ಬೇರೂರುವುದು. ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ಎಂಬಾಕೆಯು ಈ ವಿಷಯದಲ್ಲಿ ಒಂದು ಸುಲಭವಾದ ವಿಭಾಗವನ್ನು ಹೇಳಿರುವಳು. ಏನು, ಯಾವಾಗ, ಎಲ್ಲಿ ಬಡಿಸಬೇಕೆಂಬುದು ಹಿರಿಯರ ಹೊಣೆ. ತಿನ್ನಬೇಕೇ ಬೇಡವೇ, ತಿಂದರೆ ಎಷ್ಟು ಎಂಬುದು ಮಗುವಿಗೆ ಬಿಟ್ಟದ್ದು. ಹೊರಗೆ ಉಣ್ಣುವ ದಿನ ಈ ಮಾತು ಇನ್ನೂ ಹೆಚ್ಚಾಗಿ ಸಲ್ಲುವುದು. ಮಗುವಿನ ನಾಲಗೆಯನ್ನು ತಿದ್ದುವ ಪಾಠಶಾಲೆ ಹೋಟೆಲಲ್ಲ. ಅಪರಿಚಿತರ ಎದುರಿನಲ್ಲಿ ಪಟ್ಟ ಅವಮಾನವು ಯಾವ ತಿನಿಸಿನ ಮೇಲೂ ಪ್ರೀತಿಯನ್ನು ಹುಟ್ಟಿಸದು.

ಬೇಕುಬೇಡಗಳು ಮಕ್ಕಳಿಗೆ ಮಾತ್ರ ಇರುವುದೂ ಅಲ್ಲ. ಅಜ್ಜಿಯದನ್ನು ನಾವು ವ್ರತವೆನ್ನುವೆವು, ಚಿಕ್ಕಪ್ಪನದನ್ನು ಅಭ್ಯಾಸವೆನ್ನುವೆವು, ಮಗುವಿನದನ್ನು ಮಾತ್ರ ಹಠವೆನ್ನುವೆವು. ಇದು ನ್ಯಾಯವೇ ಎಂದು ಹಿರಿಯರು ಒಂದು ಕ್ಷಣ ಯೋಚಿಸಿದರೆ ಒಳ್ಳೆಯದು.

ಹೀಗೆ ಯೋಚಿಸಿ ನೋಡಿದಾಗ, ನಮ್ಮ ಕಷ್ಟಕ್ಕೆ ಪರಿಹಾರವು ದೂರದಲ್ಲೇನೂ ಇಲ್ಲವೆಂದು ಕಂಡಿತು. ಕನ್ನಡನಾಡಿನ ಉಪಾಹಾರಗೃಹಗಳು ಮೊದಲಿನಿಂದಲೂ ಜನರ ಒಂದೊಂದು ತೊಡಕನ್ನು ಬಿಡಿಸುತ್ತಲೇ ಬೆಳೆದು ಬಂದಿವೆ. ಉಡುಪಿಯ ಕಡೆಯಿಂದ ಬೆಂಗಳೂರಿಗೆ ಬಂದ ಸೋದರರು 1924ರಲ್ಲಿ ಆರಂಭಿಸಿದ ಸಂಸ್ಥೆಯೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಪ್ರಸಿದ್ಧವಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ಅಲ್ಲಿ ರವೆಯನ್ನು ಬಳಸಿ ಇಡ್ಲಿ ಮಾಡಿದರೆಂದೂ, ರವೆ ಇಡ್ಲಿಯು ಹೀಗೆ ಹುಟ್ಟಿತೆಂದೂ ಆ ಸಂಸ್ಥೆಯವರು ಹೇಳುವರು. ಗಾಂಧಿಬಜಾರಿನ ವಿದ್ಯಾರ್ಥಿ ಭವನವು 1943ರಲ್ಲಿ ಹುಟ್ಟಿದ್ದು, ಹೆಸರೇ ಹೇಳುವಂತೆ, ನೆರೆಯ ವಿದ್ಯಾರ್ಥಿಗಳ ಹಸಿವಿಗಾಗಿ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿಯು ಆರಂಭವಾಯಿತು. ಮೊದಲು ಹಣ ಕೊಟ್ಟು ಚೀಟಿ ಪಡೆದು, ಕಣ್ಣೆದುರಿಗೇ ಬೇಯುವ ತಿಂಡಿಯನ್ನು ತಾನೇ ತೆಗೆದುಕೊಂಡು, ನಿಂತುಕೊಂಡೇ ತಿನ್ನುವ ಆ ಪದ್ಧತಿಯು ಜನರಿಗೆ ಹಿಡಿಸಿ, ದರ್ಶಿನಿಯೆಂಬುದು ಇಂಥ ಎಲ್ಲ ಹೋಟೆಲುಗಳಿಗೂ ಸಾಮಾನ್ಯನಾಮವಾಯಿತು. ಬಡಿಸುವವರ ಸಂಬಳ, ದೊಡ್ಡ ಕಟ್ಟಡದ ಬಾಡಿಗೆ, ಮೇಜುಕುರ್ಚಿಗಳ ಖರ್ಚು ಉಳಿಯುವುದರಿಂದ ಅಲ್ಲಿ ಬೆಲೆ ಇಳಿಯುವುದು. 2017ರಲ್ಲಿ ಸರ್ಕಾರವು ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನುಗಳನ್ನು ತೆರೆದಾಗ ಬೆಳಗಿನ ತಿಂಡಿಗೆ 5 ರೂಪಾಯಿಯನ್ನೂ ಊಟಕ್ಕೆ 10 ರೂಪಾಯಿಯನ್ನೂ ಗೊತ್ತುಮಾಡಿದ್ದು ಅನೇಕ ಶ್ರಮಜೀವಿಗಳಿಗೆ ನೆರವಾಯಿತು.

ಇವುಗಳಲ್ಲಿ ನಮ್ಮಂಥ ಸಂಸಾರಕ್ಕೆ ದರ್ಶಿನಿಯ ಪದ್ಧತಿಯೇ ಹೆಚ್ಚು ಒಪ್ಪುವುದೆಂದು ನಮ್ಮ ಅಭಿಪ್ರಾಯ. ಅದರ ಗುಣವು ಬೆಲೆಯೊಂದರಲ್ಲೇ ಇಲ್ಲ. ಅಲ್ಲಿ ಪದಾರ್ಥಗಳು ಬಿಡಿಬಿಡಿಯಾಗಿ ದೊರೆಯುವುವು. ಒಬ್ಬರಿಗೆ ಖಾಲಿ ದೋಸೆ, ಇನ್ನೊಬ್ಬರಿಗೆ ಬಿಸಿಬೇಳೆ ಬಾತು, ಮತ್ತೊಬ್ಬರಿಗೆ ಬರಿಯ ಇಡ್ಲಿ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಸಾಂಬಾರು ಬೇರೆಯಾಗಿರಲಿ ಎಂದರೆ ಬಟ್ಟಲಲ್ಲಿ ಬೇರೆಯಾಗಿಯೇ ಬರುವುದು. ಖಾರಬಾತು ಸ್ವಲ್ಪ, ಕೇಸರಿಬಾತು ಸ್ವಲ್ಪ ಬೇಕಾದವರಿಗೆ ಚೌಚೌ ಬಾತು ಇದೆ. ಒಂದು ಕಾಫಿಯನ್ನು ಇಬ್ಬರಿಗೆ ಹಂಚಿಕೊಡಿರೆಂದು ಕೇಳುವುದು ಬೆಂಗಳೂರಿನಲ್ಲಿ ಎಂದೂ ನಾಚಿಕೆಯ ಮಾತಾಗಿಲ್ಲ. ಮಗುವು ಅರ್ಧ ತಿಂದು ಬಿಟ್ಟರೂ ನಷ್ಟವು ಒಂದು ದೋಸೆಯಷ್ಟೇ ಹೊರತು ಒಂದು ಊಟದಷ್ಟಲ್ಲ; ಆದುದರಿಂದ ತಂದೆತಾಯಿಗಳ ಕೋಪಕ್ಕೂ ಅಷ್ಟು ಅವಕಾಶವಿರದು.

ಆದರೂ ಕಣ್ಣು ಮುಚ್ಚಿ ಯಾವುದಾದರೂ ಒಂದು ದರ್ಶಿನಿಗೆ ಹೋಗುವುದು ಲೇಸಲ್ಲ. ಹೊರಡುವ ಮುನ್ನ ನೋಡಿಕೊಳ್ಳತಕ್ಕ ನಾಲ್ಕು ಸಂಗತಿಗಳುಂಟು.

ಮೊದಲನೆಯದು ವೇಳೆ. ಅನೇಕ ಹೋಟೆಲುಗಳಲ್ಲಿ ಮಧ್ಯಾಹ್ನ ಊಟದ ಹೊತ್ತಿನಲ್ಲಿ ದೋಸೆ ದೊರೆಯದು, ತಿಂಡಿಯ ಹೊತ್ತಿನಲ್ಲಿ ಅನ್ನಸಾರು ದೊರೆಯದು. ಮನೆಯಲ್ಲಿ ಅತ್ಯಂತ ಸಂಕುಚಿತವಾದ ನಾಲಗೆ ಯಾರದೋ, ಅವರ ಪದಾರ್ಥವು ಯಾವ ಗಂಟೆಗೆ ದೊರೆಯುವುದೆಂದು ವಿಚಾರಿಸಿ ಆ ವೇಳೆಗೇ ಹೊರಡತಕ್ಕದ್ದು. ಉಳಿದವರು ಹೇಗಾದರೂ ಹೊಂದಿಕೊಳ್ಳಬಲ್ಲರು. ಭಾನುವಾರದ ಬೆಳಗಿನ ಎಂಟರಿಂದ ಹತ್ತರವರೆಗಿನ ನೂಕುನುಗ್ಗಲನ್ನು ತಪ್ಪಿಸಿದರೆ ಅರ್ಧ ಕಷ್ಟ ಕಳೆಯಿತು.

ಎರಡನೆಯದು ಆಸನ. ನಿಂತು ತಿನ್ನುವುದು ತರುಣರಿಗೆ ಸುಲಭ. ಮಂಡಿನೋವಿನ ಅಜ್ಜಿಗೂ, ಎತ್ತರದ ಮೇಜಿಗೆ ತಲೆ ನಿಲುಕದ ಮಗುವಿಗೂ ಶಿಕ್ಷೆ. ಈಗ ಎಷ್ಟೋ ದರ್ಶಿನಿಗಳಲ್ಲಿ ಗೋಡೆಯ ಬದಿಗೆ ಒಂದೆರಡು ಬೆಂಚುಗಳಿರುತ್ತವೆ. ಕೆಲವು ಕಡೆ ಕೆಳಗೆ ನಿಂತು ತಿನ್ನುವ ಏರ್ಪಾಡೂ, ಮಹಡಿಯ ಮೇಲೆ ಕುಳಿತು ತಿನ್ನುವ ಏರ್ಪಾಡೂ ಇರುವುದು. ಮಹಡಿಯ ಮೇಲೆ ಅದೇ ದೋಸೆಗೆ ಬೆಲೆ ಹೆಚ್ಚೆಂಬುದನ್ನು ಮೆಟ್ಟಿಲು ಹತ್ತುವ ಮೊದಲೇ ತಿಳಿದುಕೊಳ್ಳತಕ್ಕದ್ದು.

ಮೂರನೆಯದು ಪದಾರ್ಥಗಳ ವಿಚಾರ. ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರು ಸಾಂಬಾರು, ಪಲ್ಯ, ಕೆಂಪು ಚಟ್ನಿಗಳ ವಿಷಯದಲ್ಲಿ ಚೀಟಿ ಪಡೆಯುವಾಗಲೇ ಕೇಳಿಬಿಡುವುದು ಲೇಸು. ಮಕ್ಕಳು ಗೋಬಿ ಮಂಚೂರಿಗೆ ಆಸೆಪಟ್ಟರೆ ಅದರ ಬಣ್ಣವನ್ನು ನೋಡಿರಿ. ಅದಕ್ಕೆ ಕೃತಕ ಬಣ್ಣ ಹಾಕುವುದನ್ನು ಕರ್ನಾಟಕ ಸರ್ಕಾರವು 2024ರ ಮಾರ್ಚಿಯಲ್ಲಿ ನಿಷೇಧಿಸಿತು. ಕಣ್ಣು ಕೋರೈಸುವಷ್ಟು ಕೆಂಪಾಗಿರುವ ತಿನಿಸನ್ನು ಮಗುವಿಗೆ ಕೊಡದಿರುವುದೇ ಕ್ಷೇಮ. ಕುಡಿಯಲು ಬಿಸಿನೀರನ್ನು ಕೇಳಿ ಪಡೆಯಬಹುದು.

ನಾಲ್ಕನೆಯದು ಲೆಕ್ಕ. 2017ರ ನವೆಂಬರ್ 15ರಿಂದ ಸಾಮಾನ್ಯ ಹೋಟೆಲುಗಳ ಊಟತಿಂಡಿಗಳ ಮೇಲಿನ ತೆರಿಗೆಯು ನೂರಕ್ಕೆ 5ರಂತೆ ಇದೆ. ಇದಲ್ಲದೆ ಸೇವಾಶುಲ್ಕವೆಂದು ಇನ್ನೊಂದು ಮೊತ್ತವನ್ನು ಕೆಲವು ದೊಡ್ಡ ಹೋಟೆಲುಗಳವರು ಸೇರಿಸುವುದುಂಟು. ಅದನ್ನು ತಾವಾಗಿಯೇ ಬಿಲ್ಲಿಗೆ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈಯಲ್ಲಿ ವಿಧಿಸಿತು. ದೆಹಲಿಯ ಉಚ್ಚ ನ್ಯಾಯಾಲಯವು 2025ರ ಮಾರ್ಚಿಯಲ್ಲಿ ಆ ವಿಧಿಯನ್ನು ಎತ್ತಿಹಿಡಿಯಿತು. ತೆರಿಗೆಯನ್ನು ಕೊಡಲೇಬೇಕು, ಸೇವಾಶುಲ್ಕವು ಕೊಡುವವರ ಇಷ್ಟ. ಬೇಡವೆಂದು ವಿನಯದಿಂದ ಹೇಳಿ ತೆಗೆಸುವುದರಲ್ಲಿ ಅಗೌರವವೇನೂ ಇಲ್ಲ. ಸಂತೋಷಪಡಿಸಿದ ಮಾಣಿಗೆ ಕೈಯಲ್ಲೇ ನಾಲ್ಕು ಕಾಸು ಕೊಡುವುದಂತೂ ಎಂದಿಗೂ ಒಳ್ಳೆಯ ಪದ್ಧತಿಯೇ.

ಈ ನಾಲ್ಕನ್ನೂ ವಿಚಾರಿಸಿಕೊಂಡು, ಎರಡು ತಿಂಗಳ ಮೇಲೆ, ಒಂದು ಭಾನುವಾರ ಸಂಜೆ ಐದು ಗಂಟೆಗೆ ನೆರೆಯ ಬೀದಿಯ ಒಂದು ದರ್ಶಿನಿಗೆ ಮತ್ತೆ ಆರು ಮಂದಿಯೂ ಹೋದೆವು. ಬೆಂಚಿನ ಮೇಲೆ ಅಜ್ಜಿಯನ್ನೂ ಹುಡುಗನನ್ನೂ ಕೂರಿಸಿದೆವು. ಹುಡುಗನಿಗೆ ಖಾಲಿ ದೋಸೆ; ಅದು ಮುಗಿದ ಮೇಲೆ ಇನ್ನೊಂದು. ಅಜ್ಜಿಗೆ ಇಡ್ಲಿ, ಈರುಳ್ಳಿಯಿಲ್ಲವೆಂದು ಕೇಳಿ ತಿಳಿದುಕೊಂಡ ಕಾಯಿಚಟ್ನಿ. ಚಿಕ್ಕಪ್ಪನಿಗೆ ಬಿಸಿಬೇಳೆ ಬಾತು, ಅದರ ಹಿಂದೆ ಮೊಸರನ್ನ. ಅನ್ನ ಕಂಡುದರಿಂದ ಆತನ ಸಿದ್ಧಾಂತಕ್ಕೆ ಭಂಗ ಬರಲಿಲ್ಲ. ಹುಡುಗಿಗೆ ಪೂರಿ, ಗಂಡಹೆಂಡಿರಿಗೆ ಮಸಾಲೆ ದೋಸೆ, ದೊಡ್ಡವರಿಗೆಲ್ಲ ಕಾಫಿ. ಒಟ್ಟು 620 ರೂಪಾಯಿ. ಯಾರಿಗೂ ಯಾರೂ ಇದನ್ನು ತಿನ್ನು, ಅದನ್ನು ಬಿಡು ಎಂದು ಹೇಳಲಿಲ್ಲ. ಗೃಹಿಣಿಯು ತನ್ನ ದೋಸೆಯನ್ನು ಬಿಸಿಯಾಗಿರುವಾಗಲೇ ತಿಂದಳು. ಮನೆಗೆ ಬಂದ ಮೇಲೆ ಆ ರಾತ್ರಿ ಹಣ್ಣು ಹಾಲುಗಳಲ್ಲೇ ಕಳೆಯಿತು. ಒಲೆ ಹೊತ್ತಿಸುವ ಪ್ರಸಕ್ತಿಯೇ ಬರಲಿಲ್ಲ.

ಅದಾದ ಮೇಲೆ ತಿಂಗಳಿಗೊಮ್ಮೆ ಅಲ್ಲಿಗೆ ಹೋಗುವುದು ರೂಢಿಯಾಗಿದೆ. ಐದನೆಯ ಸಲವೋ ಆರನೆಯ ಸಲವೋ, ಹುಡುಗನು ತನ್ನ ದೋಸೆಯ ತುದಿಯನ್ನು ಅಜ್ಜಿಯ ಬಟ್ಟಲಿನ ಚಟ್ನಿಯಲ್ಲಿ ತಾನಾಗಿಯೇ ಅದ್ದಿ ಬಾಯಿಗಿಟ್ಟುಕೊಂಡನು. ನಾವು ನೋಡಿಯೂ ನೋಡದಂತೆ ಇದ್ದೆವು. ಅಜ್ಜಿಯು ಬಟ್ಟಲನ್ನು ಅವನ ಕಡೆಗೆ ಸ್ವಲ್ಪ ಸರಿಸಿದರು, ಅಷ್ಟೆ.

ಮನೆಮಂದಿಗೆಲ್ಲ ಒಪ್ಪುವ ಹೋಟೆಲು ಯಾವುದೆಂದು ಕೇಳುವ ವಾಚಕರಿಗೆ ನಮ್ಮ ಉತ್ತರವಿಷ್ಟು: ಬಹಳ ಬಗೆಯ ಪದಾರ್ಥಗಳ ಪಟ್ಟಿಯಿರುವ ಕಡೆಯನ್ನು ಹುಡುಕಬೇಡಿರಿ. ನಿಮ್ಮಲ್ಲಿ ಅತಿ ಕಡಿಮೆ ತಿನ್ನುವವರು ತಮಗೆ ಒಪ್ಪಿದ ಒಂದೇ ಒಂದು ಪದಾರ್ಥವನ್ನು ನಾಚಿಕೆಯಿಲ್ಲದೆ ಕೇಳಿ ತಿನ್ನಬಲ್ಲ ಸ್ಥಳವನ್ನು ಹುಡುಕಿರಿ. ಅಲ್ಲಿ ಉಳಿದವರಿಗೂ ಏನಾದರೊಂದು ದೊರೆತೇ ದೊರೆಯುವುದು. ದಿನವೂ ಎಲ್ಲರಿಗೂ ಬಡಿಸುವ ತಾಯಿಗೂ ಆ ಒಂದು ಹೊತ್ತು ಕುಳಿತು ಉಣ್ಣುವ ಭಾಗ್ಯ ಲಭಿಸುವುದು.