ಬ್ಯಾಟರಿಯಲ್ಲಿದ್ದ ಬಾಗಿಲು

ಸತ್ತ ಪಿಎಸ್‌ಪಿಯ ಸ್ವಿಚ್ ಜರುಗಿಸಿದರೆ ಹಸಿರು ದೀಪ ಒಮ್ಮೆ ಹೊತ್ತಿಕೊಂಡು ಆರಿಹೋಗುತ್ತಿತ್ತು. ಪರದೆ ಮಾತ್ರ ಕಪ್ಪಾಗಿಯೇ ಉಳಿಯುತ್ತಿತ್ತು. ಯಂತ್ರದ ಯಾವ ಭಾಗವೂ ಮುರಿದಿರುತ್ತಿರಲಿಲ್ಲ, ಸುಟ್ಟಿರುತ್ತಿರಲಿಲ್ಲ. ಒಳಗಿನ 32 ಎಂಬಿ ಫ್ಲ್ಯಾಶ್ ಮೆಮೊರಿಯಲ್ಲಿ ಬರೆದದ್ದು ಕೆಟ್ಟಿರುತ್ತಿತ್ತು, ಅಷ್ಟೇ. ಇದನ್ನು ಹ್ಯಾಕಿಂಗ್ ಲೋಕದವರು ‘ಬ್ರಿಕ್ ಆಯ್ತು’ ಎನ್ನುತ್ತಿದ್ದರು. 2007ರ ಆಗಸ್ಟ್‌ವರೆಗೆ ಹಾಗೆ ಬ್ರಿಕ್ ಆದದ್ದನ್ನು ಮನೆಯಲ್ಲಿ ಕೂತು ಬದುಕಿಸುವ ದಾರಿ ಸಾಮಾನ್ಯ ಬಳಕೆದಾರನಿಗೆ ಇರಲಿಲ್ಲ.

ಸೋನಿ ಈ ಕೈಯಾಟದ ಯಂತ್ರವನ್ನು ಜಪಾನಿನಲ್ಲಿ ಬಿಡುಗಡೆ ಮಾಡಿದ್ದು 2004ರ ಡಿಸೆಂಬರ್ 12ರಂದು. ಮೊದಲ ಫರ್ಮ್‌ವೇರ್ 1.00. ಅಮೆರಿಕಕ್ಕೆ ಬರುವಷ್ಟರಲ್ಲಿ ಅದು 1.50 ಆಗಿತ್ತು. ಈ ಎರಡರಲ್ಲೂ ಸೋನಿಯ ಸಹಿ ಇಲ್ಲದ ಪ್ರೋಗ್ರಾಂಗಳನ್ನು ಓಡಿಸಬಹುದು ಎಂದು 2005ರ ಮಧ್ಯದ ಹೊತ್ತಿಗೆ ಗೊತ್ತಾಯಿತು. ಸೋನಿ ಮುಂದಿನ ಆವೃತ್ತಿಗಳಲ್ಲಿ ಆ ದಾರಿ ಮುಚ್ಚಿತು. ಅಲ್ಲಿಂದ ಎಲ್ಲರ ಆಸೆ ಒಂದೇ: ಹಿಂದಕ್ಕೆ ಹೋಗಬೇಕು, 1.50ಕ್ಕೆ ಮರಳಬೇಕು.

ಆ ಸೆಪ್ಟೆಂಬರಿನಲ್ಲಿ ಟಿಫ್ ಚಿತ್ರವನ್ನು ತೆರೆಯುವ ಕೋಡ್‌ನಲ್ಲಿ ದೋಷವೊಂದು ಸಿಕ್ಕಿತು. ಅದನ್ನು ಹಿಡಿದು ಎಂಪಿಎಚ್ ಎಂಬ ಹೆಸರಿನ ಹ್ಯಾಕರ್ ಡೌನ್‌ಗ್ರೇಡರ್ ಬರೆದ. ಯಂತ್ರದ ಆವೃತ್ತಿ ಹಳೆಯದೆಂದು ಸುಳ್ಳು ಹೇಳಿ, ಸೋನಿಯದೇ 1.50 ಅಪ್‌ಡೇಟರ್ ಅನ್ನು ನಂಬಿಸುವುದು ಅದರ ಯುಕ್ತಿ. ಅಪ್‌ಡೇಟ್ ಕೊನೆಯ ಹಂತಕ್ಕೆ ಬಂದು ದೋಷದ ಸಂದೇಶ ತೋರಿಸಿ ನಿಲ್ಲುತ್ತಿತ್ತು. ಹಾಗೆ ನಿಲ್ಲಬೇಕಾದದ್ದೇ ಸರಿ. ಆಗ ಧೈರ್ಯ ಮಾಡಿ ಪವರ್ ಆಫ್ ಮಾಡಿ ಮತ್ತೆ ಆನ್ ಮಾಡಬೇಕು. ಆ ಕ್ಷಣದಲ್ಲಿ ಎಷ್ಟು ಜನರ ಎದೆ ಹೊಡೆದುಕೊಂಡಿರಬಹುದು! ಮರುತಿಂಗಳೇ ಡೌನ್‌ಗ್ರೇಡರ್ ವೇಷದಲ್ಲಿ ಒಂದು ಟ್ರೋಜನ್ ಹರಿದಾಡಿತು. ಅದು ಸಿಸ್ಟಂ ಫೈಲ್‌ಗಳನ್ನೇ ಅಳಿಸಿಹಾಕುತ್ತಿತ್ತು. ಆಂಟಿವೈರಸ್ ಕಂಪನಿಯವರು ಅದಕ್ಕೆ ಪಿಎಸ್‌ಪಿಬ್ರಿಕ್ ಎಂದೇ ಹೆಸರಿಟ್ಟರು.

2006ರ ಅಕ್ಟೋಬರಿನಲ್ಲಿ ಸ್ಪೇನಿನ ಡಾರ್ಕ್ ಅಲೆಕ್ಸ್ ತನ್ನ ಕಸ್ಟಮ್ ಫರ್ಮ್‌ವೇರ್ ಹೊರಬಿಟ್ಟ ಮೇಲೆ ಚಿತ್ರ ಬದಲಾಯಿತು. ಹೊಸ ಫರ್ಮ್‌ವೇರಿನ ಸೌಲಭ್ಯ, ಹಳೆಯದರ ಸ್ವಾತಂತ್ರ್ಯ ಎರಡೂ ಒಂದೇ ಯಂತ್ರದಲ್ಲಿ ಸಿಕ್ಕವು. ಯಂತ್ರ ಜೀವಂತವಾಗಿದ್ದರೆ ಇದನ್ನು ತೆಗೆಯುವುದು ಕಷ್ಟವಿರಲಿಲ್ಲ. ಸೋನಿಯ ಹೊಸ ಅಪ್‌ಡೇಟ್ ಹಾಕಿದರೆ ಕಸ್ಟಮ್ ಫೈಲ್‌ಗಳ ಮೇಲೆ ಅಧಿಕೃತ ಫೈಲ್‌ಗಳು ಬಂದು ಕೂರುತ್ತಿದ್ದವು. ಆದರೆ ಬರೆಯುವಾಗ ಬ್ಯಾಟರಿ ಖಾಲಿಯಾದರೆ, ತಪ್ಪು ಫೈಲ್ ಸೇರಿದರೆ, ಮದರ್‌ಬೋರ್ಡ್ ಬೇರೆಯದಾಗಿದ್ದರೆ ಕತೆ ಮುಗಿಯಿತು. ಅಪ್‌ಡೇಟರ್, ರಿಕವರಿ ಮೆನು ಎಲ್ಲವೂ ಇದ್ದದ್ದು ಆ ಫ್ಲ್ಯಾಶ್ ಮೆಮೊರಿಯ ಆಸರೆಯಲ್ಲೇ. ಅದೇ ಕೆಟ್ಟ ಮೇಲೆ ರಿಪೇರಿಯ ಸಾಧನವೂ ಅದರ ಜೊತೆಗೇ ಹೋಯಿತು.

ಇಲ್ಲಿ ಕೇಳಬೇಕಾದ ಪ್ರಶ್ನೆ ಸರಳವಾದದ್ದು. ಕಾರ್ಖಾನೆಯಲ್ಲಿ ಹೊಸ ಯಂತ್ರದ ಫ್ಲ್ಯಾಶ್ ಖಾಲಿ ಇರುತ್ತದಲ್ಲ, ಅದಕ್ಕೆ ಮೊದಲ ಸಾಫ್ಟ್‌ವೇರ್ ಸೇರುವುದು ಹೇಗೆ? ಫ್ಲ್ಯಾಶನ್ನು ಮುಟ್ಟದೆ ಯಂತ್ರ ಎಚ್ಚರವಾಗುವ ದಾರಿಯೊಂದು ಇರಲೇಬೇಕು. ಇತ್ತು. ಸೋನಿಯ ಸರ್ವಿಸ್ ವಲಯದಲ್ಲಿ ಅದಕ್ಕೆ ಜಿಗ್‌ಕಿಕ್ ಎಂಬ ಹೆಸರಿತ್ತು. ಅದನ್ನು ಬಯಲಿಗೆ ತಂದದ್ದು ಸಿ+ಡಿ ಎಂದು ಕರೆದುಕೊಂಡ ಹ್ಯಾಕರ್‌ಗಳ ತಂಡ.

ಬಾಗಿಲು ಇದ್ದದ್ದು ಯಾರೂ ನೋಡದ ಕಡೆ, ಬ್ಯಾಟರಿಯಲ್ಲಿ. ಪಿಎಸ್‌ಪಿಯ ಬ್ಯಾಟರಿ ಬರೀ ವಿದ್ಯುತ್ ಕೊಡುವ ಡಬ್ಬಿಯಲ್ಲ. ಒಳಗಿನ ಪುಟ್ಟ ಚಿಪ್‌ನಲ್ಲಿ ಅದಕ್ಕೊಂದು ಸೀರಿಯಲ್ ನಂಬರ್ ಬರೆದಿರುತ್ತದೆ. ಬ್ಯಾಟರಿ ಹಾಕಿದೊಡನೆ ಸಿಸ್ಕಾನ್ ಎಂಬ ನಿಯಂತ್ರಕ ಚಿಪ್ ಅದನ್ನು ಓದುತ್ತದೆ. ಸಾಧಾರಣ ನಂಬರ್ ಆದರೆ ಯಂತ್ರ ಎಂದಿನಂತೆ ಫ್ಲ್ಯಾಶ್‌ನಿಂದ ಬೂಟ್ ಆಗುತ್ತದೆ. ನಂಬರಿನ ಎಂಟೂ ಅಂಕಿಗಳು ಎಫ್ ಆಗಿದ್ದರೆ, ಅಂದರೆ ಹೆಕ್ಸ್ ಲೆಕ್ಕದಲ್ಲಿ ಎಲ್ಲ ಬಿಟ್‌ಗಳೂ 1 ಆಗಿದ್ದರೆ, ಯಂತ್ರ ಸರ್ವಿಸ್ ಮೋಡ್‌ಗೆ ಹೋಗುತ್ತದೆ. ಸ್ವಿಚ್ ಮುಟ್ಟುವ ಮೊದಲೇ ತಾನಾಗಿ ಆನ್ ಆಗಿ, ಫ್ಲ್ಯಾಶನ್ನು ಬಿಟ್ಟು ಮೆಮೊರಿ ಸ್ಟಿಕ್‌ನಲ್ಲಿ ಬೂಟ್ ಕೋಡ್ ಹುಡುಕುತ್ತದೆ.

ಬ್ಯಾಟರಿಯ ಗುಟ್ಟು ಗೊತ್ತಾದರೆ ಅರ್ಧ ಕೆಲಸ ಮಾತ್ರ ಆದಂತೆ. ಮೆಮೊರಿ ಸ್ಟಿಕ್‌ನಲ್ಲಿರುವ ಕೋಡ್ ಪ್ರೊಸೆಸರ್ ಒಪ್ಪುವ ಎನ್‌ಕ್ರಿಪ್ಷನ್‌ನಲ್ಲಿರಬೇಕು. ಆ ತಪಾಸಣೆ ನಡೆಸುವುದು ಪ್ರೊಸೆಸರ್ ಒಳಗೇ ಕೆತ್ತಿದ ಪುಟ್ಟ ರೋಮ್, ಅಂದರೆ ಬದಲಿಸಲಾಗದ ಮೆಮೊರಿ. ತಪಾಸಣೆಯಲ್ಲಿದ್ದ ದೌರ್ಬಲ್ಯವನ್ನು ಹಿಡಿದು ತಮ್ಮದೇ ಬೂಟ್ ಕೋಡ್ ಅನ್ನು ಒಪ್ಪಿಸಿದ್ದು ಈ ಶೋಧದ ನಿಜವಾದ ಶ್ರಮ, ನನ್ನ ಮಟ್ಟಿಗೆ ಅದರ ಸೊಗಸು ಕೂಡ. ಆದರೆ ಜನರ ಬಾಯಲ್ಲಿ ಉಳಿದದ್ದು ಬ್ಯಾಟರಿಯೇ. ಅದಕ್ಕೆ ಪಂಡೋರಾ ಬ್ಯಾಟರಿ ಎಂಬ ಹೆಸರು ನಿಂತಿತು.

ಮಾಡಿಕೊಳ್ಳುವ ಬಗೆ ಎರಡು. ಮೊದಲೇ ಹ್ಯಾಕ್ ಆದ ಪಿಎಸ್‌ಪಿ ಇದ್ದರೆ ಸಾಫ್ಟ್‌ವೇರಿನಿಂದಲೇ ಸೀರಿಯಲ್ ನಂಬರ್ ತಿದ್ದಬಹುದು. ಅಂಥದ್ದು ಕೈಯಲ್ಲಿಲ್ಲದವರು, ಗೆಳೆಯರ ಬಳಿಯೂ ಸಿಗದವರು ಬ್ಲೇಡ್ ಹಿಡಿದರು. 1800 ಎಂಎಎಚ್‌ನ ದಪ್ಪ ಬ್ಯಾಟರಿಯ ಅಂಚಿನ ಪ್ಲಾಸ್ಟಿಕ್ಕನ್ನು ನಿಧಾನವಾಗಿ ಬಿಡಿಸಿದರೆ ಒಳಗೆ ಲಿಥಿಯಂ ಸೆಲ್, ಪಕ್ಕದಲ್ಲಿ ಬೆರಳಗಲದ ಸರ್ಕ್ಯೂಟ್ ಬೋರ್ಡ್. ಬೋರ್ಡಿನ ಮೇಲೆ ಎಂಟು ಕಾಲಿನ ಕರಿ ಚಿಪ್. ಅದರ ಐದನೆಯ ಕಾಲನ್ನು ಬೋರ್ಡಿನಿಂದ ಎತ್ತಿಬಿಟ್ಟರೆ ಚಿಪ್‌ನಲ್ಲಿ ಬರೆದದ್ದನ್ನು ಓದಲು ಬರುವುದಿಲ್ಲ. ಓದಲಾಗದ ನಂಬರ್ ಎಲ್ಲವೂ ಎಫ್ ಎಂದೇ ಸಿಸ್ಕಾನ್‌ಗೆ ಕಾಣುತ್ತದೆ. ಬ್ಲೇಡ್ ಜಾರಿ ಸೆಲ್‌ಗೆ ತಗುಲಿದರೆ ಬೆಂಕಿಯ ಅಪಾಯವಿತ್ತು. ಸತ್ತ ಯಂತ್ರವೊಂದಕ್ಕಾಗಿ ಅಷ್ಟು ಸಾಹಸ ಬೇಕಿತ್ತೇ ಎಂದು ಕೇಳಬಹುದು. ತಿಂಗಳುಗಟ್ಟಲೆ ಹಣ ಕೂಡಿಸಿ ಅದನ್ನು ಕೊಂಡ ಹುಡುಗನಿಗೆ ಖಂಡಿತ ಬೇಕಿತ್ತು.

ಡಾರ್ಕ್ ಅಲೆಕ್ಸ್ ಇದಕ್ಕೆ ಒಂದು ಸಾಧನ ಕಟ್ಟಿಕೊಟ್ಟ. ಡೆಸ್ಪೆರ್ತಾರ್ ದೆಲ್ ಸೆಮೆಂತೇರಿಯೊ ಎಂದು ಅದರ ಹೆಸರು. ಸಿದ್ಧಪಡಿಸಿದ ಮೆಮೊರಿ ಸ್ಟಿಕ್, ತಿದ್ದಿದ ಬ್ಯಾಟರಿ ಎರಡನ್ನೂ ಹಾಕಿದರೆ ವರ್ಷದಿಂದ ಡ್ರಾಯರ್‌ನಲ್ಲಿ ಬಿದ್ದಿದ್ದ ಯಂತ್ರದ ಪರದೆಯ ಮೇಲೆ ಮೆನು ಬರುತ್ತಿತ್ತು. ಫ್ಲ್ಯಾಶನ್ನು ಹೊಸದಾಗಿ ಬರೆಯಬಹುದು, ಮೊದಲೇ ತೆಗೆದಿಟ್ಟ ಬ್ಯಾಕಪ್ ಇದ್ದರೆ ಅದನ್ನು ಮರಳಿ ಹಾಕಬಹುದು. ಒಂದು ಬ್ಯಾಟರಿ ಇಡೀ ಬೀದಿಯ ಯಂತ್ರಗಳಿಗೆ ಸಾಕಾಗುತ್ತಿತ್ತು. ಕಳ್ಳ ಆಟಗಳಿಗೆ ಇದರಿಂದ ಅನುಕೂಲವಾಯಿತು ಎನ್ನುವುದೂ ನಿಜ, ಅದನ್ನು ಮುಚ್ಚಿಡಬೇಕಿಲ್ಲ. ಆದರೂ ಕೊಂಡವನು ತನ್ನ ವಸ್ತುವನ್ನು ತಾನೇ ರಿಪೇರಿ ಮಾಡಿಕೊಳ್ಳುವ ದಾರಿ ಕಂಪನಿಯ ಕೈಯಲ್ಲಿ ಮಾತ್ರ ಇರುವುದು ನ್ಯಾಯವಲ್ಲ ಎಂದೇ ನಾನು ನಂಬುತ್ತೇನೆ.

ಸೋನಿ ಸುಮ್ಮನಿರಲಿಲ್ಲ. ಆದರೆ ದೋಷ ಇದ್ದದ್ದು ಸಿಲಿಕಾನ್‌ನಲ್ಲಿ. ಮಾರಾಟವಾಗಿ ಹೋದ ಯಂತ್ರಗಳಿಗೆ ಅಪ್‌ಡೇಟ್ ಕಳಿಸಿ ಅದನ್ನು ತಿದ್ದಲಾಗದು. ಪಿಎಸ್‌ಪಿ-2000 ಸರಣಿಯ ಕೊನೆಯ ಮದರ್‌ಬೋರ್ಡ್‌ಗಳಲ್ಲೂ 2008ರ ಅಕ್ಟೋಬರಿನಲ್ಲಿ ಬಂದ ಪಿಎಸ್‌ಪಿ-3000ದಲ್ಲೂ ಬೂಟ್ ತಪಾಸಣೆಯನ್ನು ಬಿಗಿ ಮಾಡಿದರು. 2009ರ ಪಿಎಸ್‌ಪಿ ಗೋದಲ್ಲಂತೂ ಬ್ಯಾಟರಿಯನ್ನು ಬಳಕೆದಾರ ಬಿಚ್ಚುವಂತೆಯೇ ಇರಲಿಲ್ಲ.

ಹತ್ತು ವರ್ಷದ ನಂತರ ನಿಂಟೆಂಡೊ 3ಡಿಎಸ್‌ನಲ್ಲೂ ಇಂಥದ್ದೇ ಹೊರಬಿತ್ತು. ಅದರ ಬೂಟ್ ರೋಮ್ ಸಹಿಯನ್ನು ಪರೀಕ್ಷಿಸುವುದರಲ್ಲಿ ತಪ್ಪುತ್ತದೆ ಎಂದು ಗೊತ್ತಾದ ಮೇಲೆ, 2017ರಲ್ಲಿ, ಅದೇ ರೋಮ್‌ನಲ್ಲಿ ಅಡಗಿದ್ದ ಇನ್ನೊಂದು ಸರ್ವಿಸ್ ದಾರಿ ಬಳಕೆಗೆ ಬಂತು. ಮುಚ್ಚಳ ಮುಚ್ಚಿದ ಸ್ಥಿತಿಯಲ್ಲಿ ಸ್ಟಾರ್ಟ್, ಸೆಲೆಕ್ಟ್, ಎಕ್ಸ್ ಗುಂಡಿಗಳನ್ನು ಒತ್ತಿ ಆನ್ ಮಾಡಿದರೆ ಯಂತ್ರ ಡಿಎಸ್ ಕಾರ್ಟ್ರಿಡ್ಜ್‌ನಿಂದ ಬೂಟ್ ಆಗುತ್ತದೆ. ಮುಚ್ಚಳ ಮುಚ್ಚಿದರೆ ಗುಂಡಿಗಳು ಕೈಗೆ ಸಿಗುವುದಿಲ್ಲವಲ್ಲ? ಅದಕ್ಕೆ ಮುಚ್ಚಳ ತೆರೆದೇ ಇಟ್ಟು, ಅದು ಮುಚ್ಚಿದ್ದನ್ನು ಪತ್ತೆಮಾಡುವ ಸೆನ್ಸರ್ ಇರುವ ಜಾಗದಲ್ಲಿ ಒಂದು ಅಯಸ್ಕಾಂತ ಇಡುತ್ತಾರೆ.