ಉಗುರಿಗೊಂದು ಮ್ಯಾಟ್ ಮೇಲ್ಪದರ

ಮನೆಯಲ್ಲೇ ಉಗುರಿಗೆ ಮ್ಯಾಟ್, ಅಂದರೆ ಹೊಳಪಿಲ್ಲದ, ಬಣ್ಣ ಹಚ್ಚಿಕೊಳ್ಳುವವರಿಂದ ಪದೇ ಪದೇ ಕೇಳಿಬರುವ ದೂರುಗಳು ಎರಡು: ಅಲ್ಲಲ್ಲಿ ಹೊಳೆಯುವ ಮಚ್ಚೆ ಉಳಿಯುತ್ತದೆ, ತುದಿಯಲ್ಲಿ ಬಣ್ಣ ಬೇಗ ಎದ್ದುಬರುತ್ತದೆ. ಬಾಟಲಿಯನ್ನು ದೂರುವ ಮೊದಲು ಮ್ಯಾಟ್ ಗುಣ ಹುಟ್ಟುವುದು ಎಲ್ಲಿ ಎಂದು ನೋಡಬೇಕು. ನೇಲ್ ಪಾಲಿಶ್‌ನ ಜೀವಾಳ ನೈಟ್ರೋಸೆಲ್ಯುಲೋಸ್. ಈಥೈಲ್ ಅಸಿಟೇಟ್, ಬ್ಯುಟೈಲ್ ಅಸಿಟೇಟ್‌ನಂಥ ದ್ರಾವಕಗಳಲ್ಲಿ ಕರಗಿರುವ ಅದು, ದ್ರಾವಕ ಆರಿಹೋದ ಮೇಲೆ ಉಗುರಿನ ಮೇಲೆ ನುಣುಪಾದ ಪೊರೆಯಾಗಿ ಉಳಿಯುತ್ತದೆ. ನುಣುಪಾದ ಮೇಲ್ಮೈ ಬೆಳಕನ್ನು ಒಂದೇ ದಿಕ್ಕಿಗೆ ಹಿಂದಿರುಗಿಸುವುದರಿಂದ ಹೊಳಪು ಕಾಣುತ್ತದೆ. ಮ್ಯಾಟ್ ಪಾಲಿಶ್‌ಗೆ ಸಾಮಾನ್ಯವಾಗಿ ಸಿಲಿಕಾದ ಅತಿಸಣ್ಣ ಕಣಗಳನ್ನು ಬೆರೆಸಿರುತ್ತಾರೆ. ಪೊರೆ ಆರುತ್ತ ಕುಗ್ಗಿದಾಗ ಈ ಕಣಗಳಿಂದಾಗಿ ಮೇಲ್ಮೈ ಬರಿಗಣ್ಣಿಗೆ ಕಾಣದಷ್ಟು ತರಿತರಿಯಾಗುತ್ತದೆ, ಬಿದ್ದ ಬೆಳಕು ದಿಕ್ಕುದಿಕ್ಕಿಗೆ ಚದುರುತ್ತದೆ. ಇಷ್ಟೂ ನಡೆಯುವುದು ಎಲ್ಲಕ್ಕಿಂತ ಮೇಲಿನ ತೆಳುಪದರದಲ್ಲಿ. ಕೆಳಗಿನ ಪದರಗಳು ಮ್ಯಾಟ್ ಆಗಿರಬೇಕೆಂದೇನೂ ಇಲ್ಲ. ಹಾಗಾಗಿ ಬಣ್ಣಕ್ಕೊಂದರಂತೆ ಮ್ಯಾಟ್ ಬಾಟಲಿ ಕೊಳ್ಳುವುದಕ್ಕಿಂತ, ಇರುವ ಮಾಮೂಲಿ ಬಣ್ಣದ ಮೇಲೆ ಕೊನೆಗೊಮ್ಮೆ ಮ್ಯಾಟ್ ಟಾಪ್ ಕೋಟ್ ಎಳೆಯುವುದೇ ಮನೆಗೆ ಒಗ್ಗುವ ದಾರಿ ಎನ್ನುತ್ತೇನೆ.

ಮ್ಯಾಟ್ ಹಚ್ಚಿದರೆ ಉಗುರಿನ ಗೀರು, ಉಬ್ಬುತಗ್ಗುಗಳೆಲ್ಲ ಎದ್ದು ಕಾಣುತ್ತವೆ ಎಂಬ ಆಕ್ಷೇಪವಿದೆ. ಬೇಗ ಆರುವ ಮ್ಯಾಟ್ ಬಣ್ಣವನ್ನು ನೇರವಾಗಿ ಬಳಿದಾಗ ಅದು ನಿಜ. ಬ್ರಷ್‌ನ ಗೆರೆಗಳೂ ಹಾಗೇ ನಿಂತುಬಿಡುತ್ತವೆ. ಬೇಸ್ ಕೋಟ್ ಮತ್ತು ಎರಡು ಪದರ ಹೊಳಪಿನ ಬಣ್ಣ ಮೊದಲೇ ತಗ್ಗುಗಳನ್ನು ತುಂಬಿದ್ದರೆ ಆ ತೊಂದರೆ ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಬಾಳಿಕೆಯ ಮಾತೂ ಹೀಗೆಯೇ. ಕಣಗಳು ತುಂಬಿದ ಪೊರೆ ಸ್ವಲ್ಪ ಬಿರುಸು, ನಿಜ; ಆದರೆ ಇಲ್ಲಿ ಉಗುರನ್ನು ಹಿಡಿದಿರುವುದು ಕೆಳಗಿನ ಗಟ್ಟಿ ಪದರ. ಆ ಪದರ ಬಳಿಯುವಾಗಲೇ ಬ್ರಷ್ಷನ್ನು ಉಗುರಿನ ತುದಿಯ ಅಂಚಿಗೂ ಒಮ್ಮೆ ಎಳೆದರೆ ಬಣ್ಣ ಏಳುವುದು ತಡವಾಗುತ್ತದೆ. ಮಚ್ಚೆಯ ವಿಷಯದಲ್ಲಿ ದೋಷ ಹೆಚ್ಚಾಗಿ ಅವಸರದ್ದು. ಕೆಲವು ವಾರ ಮುಟ್ಟದೆ ಇಟ್ಟ ಟಾಪ್ ಕೋಟ್ ಬಾಟಲಿಯನ್ನು ಬೆಳಕಿಗೆ ಹಿಡಿದರೆ ತಳದಲ್ಲಿ ಬೆಳ್ಳಗಿನ ಗಸಿ, ಮೇಲೆ ತಿಳಿ ಕಾಣಬಹುದು. ಆ ತಿಳಿಯನ್ನೇ ಬಳಿದರೆ ಹೊಳಪು ಬಾರದೆ ಇನ್ನೇನು ಬಂದೀತು? ಬಾಟಲಿಯನ್ನು ಅಂಗೈಗಳ ನಡುವೆ ಚೆನ್ನಾಗಿ ಉರುಳಿಸಬೇಕು, ಕೆಳಗಿನ ಬಣ್ಣ ಪೂರ್ತಿ ಆರಲು ಬಿಡಬೇಕು, ಪದರ ತೆಳುವಾಗಿರಬೇಕು.

ಅಡುಗೆಮನೆಯಲ್ಲಿ ಕೈಯಾಡಿಸುವವರಿಗೆ ಮ್ಯಾಟ್ ಒಗ್ಗದು ಎನ್ನುವವರ ಮಾತಿನಲ್ಲಿ ಹುರುಳಿದೆ. ಒಗ್ಗರಣೆಯ ಎಣ್ಣೆಯೋ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯೋ ತಾಗಿದೊಡನೆ ಉಗುರು ಮಿರುಗತೊಡಗುತ್ತದೆ. ಎಣ್ಣೆ ತರಿಗಳ ನಡುವಿನ ಸಂದುಗಳನ್ನು ತುಂಬಿ ಮೇಲ್ಮೈಯನ್ನು ಸಮ ಮಾಡುತ್ತದೆ. ಬೆಳಕನ್ನು ಬಾಗಿಸುವ ಅಳತೆಯಾದ ವಕ್ರೀಭವನ ಸೂಚ್ಯಂಕ ಇಂಥ ಎಣ್ಣೆಗಳಲ್ಲಿ ಸುಮಾರು 1.45ರಿಂದ 1.47, ನೈಟ್ರೋಸೆಲ್ಯುಲೋಸ್‌ನದು ಸುಮಾರು 1.5. ಎರಡೂ ಇಷ್ಟು ಹತ್ತಿರವಿರುವುದರಿಂದ ಬೆಳಕಿಗೆ ಚದುರಲು ಆಸ್ಪದವೇ ಉಳಿಯುವುದಿಲ್ಲ. ಸಾಬೂನಿನಲ್ಲಿ ತೊಳೆದರೆ ಮ್ಯಾಟ್ ಮರಳುತ್ತದೆ. ತಿಕ್ಕಿ ತಿಕ್ಕಿ ತರಿಯೇ ಸವೆದರೆ ಮಾತ್ರ ತೊಳೆದು ಪ್ರಯೋಜನವಿಲ್ಲ. ಆಗಲೂ ಬಣ್ಣ ತೆಗೆಯಬೇಕಿಲ್ಲ, ಟಾಪ್ ಕೋಟಿನ ಇನ್ನೊಂದು ತೆಳುಪದರ ಸಾಕು. ಹಸಿ ಪಾಲಿಶ್ ಬಳಿದ ಬೆರಳನ್ನು ಕುದಿಯುವ ನೀರಿನ ಹಬೆಗೆ ಹಿಡಿದು ಹೊಳಪು ಕೊಲ್ಲುವ ಉಪಾಯವೂ ಚಾಲ್ತಿಯಲ್ಲಿದೆ. ದಯವಿಟ್ಟು ಅದನ್ನು ಮಾಡಬೇಡಿ: ಹಬೆ ಕೈ ಸುಡುತ್ತದೆ, ಪಾಲಿಶ್‌ನ ದ್ರಾವಕಗಳು ಸುಲಭವಾಗಿ ಹೊತ್ತಿಕೊಳ್ಳುವಂಥವು, ಮತ್ತು ಪಕ್ಕದಲ್ಲೇ ಒಲೆ ಉರಿಯುತ್ತಿರುತ್ತದೆ.