ದೇವರ ವಾಗ್ದಾನವೂ ನಮ್ಮ ದಿನದಿನದ ಬಾಳೂ

ವರುಷದ ಕಡೆಯ ರಾತ್ರಿ ನಮ್ಮ ಅನೇಕ ಸಭೆಗಳಲ್ಲಿ ಆರಾಧನೆಯು ಮುಗಿಯುವ ಹೊತ್ತಿಗೆ ಒಂದು ತಟ್ಟೆಯಲ್ಲಿ ಚಿಕ್ಕ ಚಿಕ್ಕ ಕಾರ್ಡುಗಳನ್ನಿಟ್ಟು ಸಭೆಯವರ ಮುಂದೆ ತರುವ ವಾಡಿಕೆಯುಂಟು. ಹಿರಿಯರೂ ಕಿರಿಯರೂ ಒಂದೊಂದನ್ನು ಎತ್ತಿಕೊಳ್ಳುವರು. ಅದರಲ್ಲಿ ಅಚ್ಚಾಗಿರುವ ವೇದವಾಕ್ಯವು ಬರುವ ವರುಷಕ್ಕೆ ಅವರವರ ವಾಗ್ದಾನವೆಂದು ಎಣಿಸಲ್ಪಡುವದು. ಮನೆಗೆ ಬಂದ ಮೇಲೆ ಅದು ವೇದಪುಸ್ತಕದ ಹಾಳೆಗಳ ನಡುವೆಯೋ, ಕನ್ನಡಿಯ ಚೌಕಟ್ಟಿನ ಸಂದಿಯಲ್ಲಿಯೋ, ಶಾಲೆಗೆ ಹೋಗುವ ಹುಡುಗಿಯಾದರೆ ಅವಳ ಕಂಪಾಸ ಪೆಟ್ಟಿಗೆಯಲ್ಲಿಯೋ ಸೇರುವದು. ಈ ಸಂಚಿಕೆಯನ್ನೋದುವ ಹಳೆಯ ವಿದ್ಯಾರ್ಥಿನಿಯರಲ್ಲಿ ಇದನ್ನರಿಯದವರು ವಿರಳ.

ವಾಡಿಕೆಯು ಹಳೆಯದು. ಜರ್ಮನಿಯ ಹೆರ್ನ್‌ಹುಟ್ ಎಂಬ ಗ್ರಾಮದ ಮೊರೇವಿಯನ್ ಸಹೋದರರು ದಿನಕ್ಕೊಂದರಂತೆ ವಾಕ್ಯಗಳನ್ನು ಕೂಡಿಸಿ 1731ರಲ್ಲಿ ಮೊದಲ ಪುಸ್ತಕವನ್ನು ಅಚ್ಚುಹಾಕಿಸಿದರು. ಅದು ಇಂದಿಗೂ ವರುಷ ವರುಷ ಹೊರಡುತ್ತಿದ್ದು, ಹಳೆಯ ಒಡಂಬಡಿಕೆಯ ವಾಕ್ಯಗಳನ್ನು ಈಗಲೂ ಚೀಟಿಯೆತ್ತಿಯೇ ಆರಿಸುತ್ತಾರೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನಿನವರೂ ಅಂಥದೇ ಭಕ್ತಿಯ ವಾತಾವರಣದಿಂದ ಬಂದವರು. ಆದಕಾರಣ ಈ ವಾಡಿಕೆಯನ್ನು ಹಗುರಾಗಿ ಮಾತಾಡುವದು ನಮ್ಮ ಉದ್ದೇಶವಲ್ಲ. ಕಷ್ಟದ ದಿನದಲ್ಲಿ ಒಂದು ವಾಕ್ಯವು ಎಷ್ಟು ಜನರನ್ನು ಎತ್ತಿ ನಿಲ್ಲಿಸಿದೆಯೆಂಬದನ್ನು ನಾವೆಲ್ಲರೂ ಕಂಡಿದ್ದೇವೆ.

ಆದರೂ ಒಂದು ತೊಡಕುಂಟು. ಹುಡುಗಿಗೆ ಬಂದ ಕಾರ್ಡು 91ನೆಯ ಕೀರ್ತನೆಯದು, ಅಂದರೆ ಕೇಡು ನಿನ್ನ ಮನೆಯ ಹತ್ತಿರ ಬಾರದೆಂಬ ಅರ್ಥದ್ದು, ಎಂದಿಟ್ಟುಕೊಳ್ಳಿರಿ. ಜೂನ್ ತಿಂಗಳಲ್ಲಿ ತಂದೆಯು ಹಾಸಿಗೆ ಹಿಡಿಯುವನು. ಆಗಸ್ಟಿನಲ್ಲಿ ಮನೆಯೇ ಬರಿದಾಗುವದು. ಆಗ ಆ ಹುಡುಗಿಯು ಯಾರಿಗೂ ಹೇಳದೆ ತನ್ನೊಳಗೇ ಕೇಳಿಕೊಳ್ಳುವ ಪ್ರಶ್ನೆ ಇದು: ದೇವರು ಸುಳ್ಳಾಡಿದನೋ, ಅಥವಾ ನನ್ನ ನಂಬಿಕೆ ಸಾಲದೇ ಹೋಯಿತೋ? ಈ ಎರಡರಲ್ಲಿ ಯಾವದನ್ನು ಹೌದೆಂದುಕೊಂಡರೂ ಅವಳಿಗೆ ಹಾನಿಯೇ. ಆದಕಾರಣ ತಾಯಿತಂದೆಗಳೂ ಉಪದೇಶಿಗಳೂ ಅವಳಿಗೆ ಮೂರನೆಯ ದಾರಿಯೊಂದನ್ನು ತೋರಿಸಬೇಕು. ವಾಗ್ದಾನವೆಂದರೇನು, ಅದು ಯಾರಿಗೆ ಹೇಳಿದ್ದು, ಅದನ್ನು ನಂಬುವದೆಂದರೆ ಏನು ಮಾಡುವದು, ಇವನ್ನು ಅವಳಿಗೆ ಕಾರ್ಡು ಕೊಡುವಾಗಲೇ ಕಲಿಸತಕ್ಕದ್ದು. ಕಷ್ಟ ಬಂದ ಮೇಲೆ ಕಲಿಸುವದು ಬಹಳ ಕಠಿಣ.

ಮೊದಲು ಶಬ್ದವನ್ನೇ ನೋಡೋಣ. ವೇದಪುಸ್ತಕದ ಕನ್ನಡದಲ್ಲಿ ವಾಗ್ದಾನವೆಂಬ ಮಾತು ನಮಗೆ ಬಳಕೆಯಾಗಿದೆ. ಆದರೆ ಸಂಸ್ಕೃತದಲ್ಲಿ ಆ ಶಬ್ದಕ್ಕೆ ಹೆಣ್ಣನ್ನು ಕೊಡುತ್ತೇವೆಂದು ಮಾತು ಕೊಡುವದು ಎಂಬ ಅರ್ಥವೂ ಉಂಟು. ಹಾಗೆ ಗೊತ್ತಾದವಳು ವಾಗ್ದತ್ತೆ. ಮಾತು ಕೊಟ್ಟ ದಿನಕ್ಕೂ ಮದುವೆಯ ದಿನಕ್ಕೂ ನಡುವೆ ಇರುವ ಕಾಲವನ್ನು ನಮ್ಮ ಹೆಂಗಸರು ಬಲ್ಲರು. ಕೈಗೆ ಏನೂ ಬಂದಿರುವದಿಲ್ಲ; ಆದರೂ ಮನೆಯ ನಡೆವಳಿಕೆಯೆಲ್ಲ ಬದಲಾಗುವದು. ಬಟ್ಟೆ ಹೊಲಿಯುವರು, ಪಾತ್ರೆ ಕೂಡಿಸುವರು, ಬೇರೆ ಸಂಬಂಧ ಬಂದರೆ ಬೇಡವೆನ್ನುವರು. ಹೀಗೆ ಮಾತು ಕೊಟ್ಟವನ ಮೇಲೆ ಭರವಸವಿಟ್ಟು ಇಂದಿನ ಕೆಲಸವನ್ನು ಮಾಡುವದೇ ವಾಗ್ದಾನವನ್ನು ನಂಬುವದು. ಅಬ್ರಹಾಮನು ಹಾರಾನನ್ನು ಬಿಟ್ಟು ಹೊರಟಾಗ ಅವನಿಗೆ 75 ವರುಷ, ಇಸಾಕನು ಹುಟ್ಟಿದಾಗ 100. ನಡುವಿನ 25 ವರುಷ ಅವನು ಗುಡಾರ ಕಿತ್ತು ಗುಡಾರ ಹಾಕುತ್ತಾ, ದನಕುರಿಗಳನ್ನು ಮೇಯಿಸುತ್ತಾ ಕಳೆದನು.

ಇನ್ನು ಎರಡನೆಯ ಮಾತು. ಪ್ರತಿಯೊಂದು ವಾಗ್ದಾನಕ್ಕೂ ಕಾಗದಕ್ಕಿದ್ದಂತೆ ಒಂದು ವಿಳಾಸವಿದೆ. ಜಲಪ್ರಳಯದ ತರುವಾಯ ಕೊಟ್ಟ ಮಾತು, ಅಂದರೆ ಬಿತ್ತನೆ ಕೊಯ್ಲುಗಳ ಕಾಲಚಕ್ರವು ಭೂಮಿಯಿರುವ ತನಕ ನಿಲ್ಲದೆಂಬದು, ಮನುಷ್ಯರೆಲ್ಲರಿಗೂ ಸೇರಿದ್ದು. ಅಂಕೋಲೆ ಕುಮಟೆಗಳ ಗಜನಿ ಭೂಮಿಯಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತವನ್ನು ಬಿತ್ತುವ ಒಕ್ಕಲಿಗನು ಅದರ ಮೇಲೆಯೇ ನಿಂತಿದ್ದಾನೆ, ಅವನು ಯಾವ ಮತದವನೇ ಆಗಲಿ. ಆದರೂ ಹೊಳೆಯ ಕಡೆಯ ಮಣ್ಣಿನ ಒಡ್ಡನ್ನು ಮಳೆಗಾಲಕ್ಕೆ ಮೊದಲು ಕಟ್ಟದೆ ಬಿಟ್ಟರೆ ಸಮುದ್ರದ ಉಬ್ಬರವು ಗದ್ದೆಯೊಳಗೆ ಬಾರದೆ ಇರುವದಿಲ್ಲ.

ಮತ್ತೊಂದು ಬಗೆಯ ವಾಗ್ದಾನವು ಒಂದು ಕಾಲದ ಒಂದು ಜನಕ್ಕೆ ಹೇಳಿದ್ದು. ಯೆರೆಮೀಯನ ಗ್ರಂಥದ 29ನೆಯ ಅಧ್ಯಾಯದ 11ನೆಯ ವಚನವು ಕಾರ್ಡುಗಳಲ್ಲಿ ಬಹಳವಾಗಿ ಕಾಣುವದು; ದೇವರು ತನ್ನ ಜನರ ವಿಷಯದಲ್ಲಿ ಹಿತವಾದ ಆಲೋಚನೆಗಳನ್ನೇ ಇಟ್ಟುಕೊಂಡಿದ್ದಾನೆಂಬದು ಅದರ ತಾತ್ಪರ್ಯ. ಪರೀಕ್ಷೆಯ ಮುಂಚೆ ಎಷ್ಟೋ ಹುಡುಗಿಯರು ಅದನ್ನು ಹಿಡಿದುಕೊಳ್ಳುವರು. ಆದರೆ ಅದು ಬಾಬೆಲಿಗೆ ಸೆರೆಯಾಗಿ ಹೋದವರಿಗೆ ಬರೆದ ಕಾಗದದ ಒಂದು ಸಾಲು. ಅದರ ಹಿಂದಿನ ವಚನದಲ್ಲಿಯೇ 70 ವರುಷವೆಂಬ ಲೆಕ್ಕವಿದೆ. ಕಾಗದವನ್ನು ಕೇಳಿದ ಮುದುಕರು ಊರಿಗೆ ಮರಳುವ ಆಸೆಯನ್ನು ಬಿಡಬೇಕಾಯಿತು. ಅದಕ್ಕೆ ಒಂದಧ್ಯಾಯ ಮೊದಲು ಹನನ್ಯನೆಂಬ ಪ್ರವಾದಿಯು ಎರಡೇ ವರುಷಗಳಲ್ಲಿ ಎಲ್ಲವೂ ಸರಿಯಾಗುವದೆಂದು ಸಾರಿದ್ದನು. ಜನರಿಗೆ ಯಾವನ ಮಾತು ಹಿತವಾಯಿತೆಂಬದನ್ನು ಹೇಳಬೇಕಾದದ್ದಿಲ್ಲ. ಎರಡು ವರುಷದ ಪ್ರವಾದಿಗಳು ಇಂದಿಗೂ ನಮ್ಮಲ್ಲಿ ಕಡಿಮೆಯಾಗಿಲ್ಲ. ಯೆರೆಮೀಯನಾದರೋ ಮನೆ ಕಟ್ಟಿರಿ, ತೋಟ ಹಾಕಿರಿ, ಮಕ್ಕಳ ಮದುವೆ ಮಾಡಿರಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂದು ಬರೆದನು.

ಮನೆ ಬಿಟ್ಟು ಮನೆ ಕಟ್ಟುವದು ಎಂಥದೆಂಬದು ನಮ್ಮ ಕರಾವಳಿಗೆ ತಿಳಿಯದ ಸಂಗತಿಯಲ್ಲ. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿದ್ದು, 2005ರಲ್ಲಿ ಅದು ಕದಂಬವೆಂಬ ಹೆಸರಿನಿಂದ ನೌಕಾದಳದ ಸೇವೆಗೆ ಸೇರಿತು. ಆ ನಡುವೆ ಅರ್ಗಾದಿಂದ ಹಾರವಾಡದ ವರೆಗಿನ ಸಾವಿರಾರು ಕುಟುಂಬಗಳು ತೆಂಗಿನ ಮರಗಳನ್ನೂ, ದೋಣಿ ಎಳೆಯುತ್ತಿದ್ದ ದಂಡೆಯನ್ನೂ ಬಿಟ್ಟು ಎದ್ದವು. ಪರಿಹಾರದ ಹಣಕ್ಕಾಗಿ ಅನೇಕರು ವರುಷಗಟ್ಟಲೆ ಕಾದರು. ಸರಕಾರದ ಮಾತನ್ನೂ ದೇವರ ಮಾತನ್ನೂ ನಾವಿಲ್ಲಿ ಸರಿಗಟ್ಟುವದಿಲ್ಲ. ಹೊಸ ವಸತಿಯಲ್ಲಿ ಮೊದಲನೆಯ ತೆಂಗಿನ ಸಸಿಯನ್ನು ನೆಟ್ಟ ಅಜ್ಜಿಯು ಯೆರೆಮೀಯನ ಕಾಗದವನ್ನು ನಮಗಿಂತ ಚೆನ್ನಾಗಿ ಓದಬಲ್ಲಳೆಂಬದಷ್ಟೇ ನಮ್ಮ ಮಾತು.

ಯೆರೆಮೀಯನು ತಾನು ಬರೆದದ್ದನ್ನು ತಾನೇ ಮಾಡಿಯೂ ತೋರಿಸಿದನು. ಬಾಬೆಲಿನ ದಂಡು ಯೆರೂಸಲೇಮನ್ನು ಮುತ್ತಿತ್ತು, ಪ್ರವಾದಿಯು ಕಾವಲಲ್ಲಿದ್ದನು. ಆಗ ಚಿಕ್ಕಪ್ಪನ ಮಗನು ಬಂದು ಅನಾತೋತಿನ ಹೊಲವನ್ನು ಕೊಂಡುಕೋ ಎಂದನು. ಶತ್ರುವಿನ ವಶವಾಗಲಿರುವ ಹೊಲವನ್ನು ಬುದ್ಧಿಯಿದ್ದವರು ಕೊಳ್ಳುವದುಂಟೇ? ಅವನು 17 ಶೆಕೆಲ್ ಬೆಳ್ಳಿಯನ್ನು ತೂಗಿಕೊಟ್ಟು, ಸಾಕ್ಷಿಗಳ ರುಜು ಹಾಕಿಸಿ, ಕ್ರಯಪತ್ರವನ್ನು ಬಹುಕಾಲ ಉಳಿಯುವಂತೆ ಮಣ್ಣಿನ ಪಾತ್ರೆಯಲ್ಲಿಡಿಸಿದನು. ಆ ದೇಶದಲ್ಲಿ ತಿರಿಗಿ ಹೊಲಮನೆಗಳ ಕ್ರಯವು ನಡೆಯುವದೆಂದು ದೇವರು ಹೇಳಿದ್ದನು. ಅದಕ್ಕೆ ಪ್ರವಾದಿಯ ಉತ್ತರವು ಈ ಪತ್ರ. ಆ ಹೊಲದಲ್ಲಿ ಅವನು ಉತ್ತಿದನೆಂದು ಎಲ್ಲಿಯೂ ಬರೆದಿಲ್ಲ.

ಈಗ ಎಲ್ಲಕ್ಕಿಂತ ಕಠಿಣವಾದ ಮಾತಿಗೆ ಬರುವೆವು. 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡವು ಕುಸಿದು ಹೆದ್ದಾರಿಯ ಮೇಲೆಯೂ ಗಂಗಾವಳಿ ಹೊಳೆಯೊಳಕ್ಕೂ ಬಿದ್ದಿತು. ದಾರಿಯ ಮಗ್ಗುಲಲ್ಲಿ ಹೋಟೆಲು ನಡೆಸುತ್ತಿದ್ದ ಕುಟುಂಬವು ಹೋಯಿತು. ಹೊಳೆಯಾಚೆಯ ಉಳುವರೆಯ ಮನೆಗಳಿಗೆ ನೀರು ನುಗ್ಗಿತು. ಒಂದು ಲಾರಿಯನ್ನೂ ಅದರ ಚಾಲಕನನ್ನೂ ಹೊಳೆಯಿಂದ ಎತ್ತುವಷ್ಟರಲ್ಲಿ ಸೆಪ್ಟೆಂಬರ 25 ಬಂದಿತ್ತು. ಅದೇ ವರುಷ ಆಗಸ್ಟ 7ರ ನಡುರಾತ್ರಿಯ ಮೇಲೆ ಕಾರವಾರದ ಕಾಳಿ ಹೊಳೆಯ ಹಳೆಯ ಸೇತುವೆಯು ಮುರಿದು ಬಿದ್ದು, ಅದರೊಡನೆ ಒಂದು ಲಾರಿಯು ನೀರಿಗೆ ಬಿದ್ದಿತು. ಅದರ ಚಾಲಕನನ್ನು ಪೋಲೀಸರೂ ಮೀನುಗಾರರೂ ಜೀವಸಹಿತ ಎತ್ತಿದರು. ಮೂರು ವಾರಗಳ ಅಂತರದಲ್ಲಿ, ಎರಡು ಹೊಳೆಗಳಲ್ಲಿ, ಇಬ್ಬರು ಲಾರಿ ಚಾಲಕರು. ಒಬ್ಬನಿಗೆ ವಾಗ್ದಾನವಿತ್ತು, ಇನ್ನೊಬ್ಬನಿಗೆ ಇರಲಿಲ್ಲವೆಂದು ಹೇಳುವ ಬಾಯಿ ಯಾವದು?

ಇಂಥ ಪ್ರಶ್ನೆಯನ್ನು ಕರ್ತನ ಮುಂದೆಯೂ ತಂದಿದ್ದರು. ಸಿಲೊವಾಮಿನ ಬುರುಜು ಬಿದ್ದು 18 ಮಂದಿ ಸತ್ತ ಸುದ್ದಿಯನ್ನು ಆತನೇ ಎತ್ತಿ, ಅವರು ಉಳಿದವರಿಗಿಂತ ಹೆಚ್ಚು ತಪ್ಪಿತಸ್ಥರಾಗಿದ್ದರೆಂಬ ಎಣಿಕೆಯನ್ನು ಖಂಡಿತವಾಗಿ ಅಲ್ಲಗಳೆದನು. ಏಕೆ ಬಿದ್ದಿತೆಂಬದನ್ನು ಆತನು ವಿವರಿಸಲಿಲ್ಲ. ಕೇಳುವವರನ್ನು ಅವರವರ ಬಾಳಿನ ಕಡೆಗೆ ತಿರುಗಿಸಿದನು. ಆದಕಾರಣ ಸಾವಿನ ಮನೆಗೆ ಹೋದವರು ನಂಬಿಕೆಯ ಕೊರತೆಯೆಂಬ ಮಾತನ್ನು ಹೊಸ್ತಿಲಿನಾಚೆಯೇ ಬಿಟ್ಟು ಹೋಗತಕ್ಕದ್ದು. ಅಲ್ಲಿ ಗಂಜಿ ಬೇಯಿಸುವವರು ಬೇಕು, ಮಕ್ಕಳನ್ನು ಎತ್ತಿಕೊಳ್ಳುವವರು ಬೇಕು. ದೇವರು ತನ್ನವರನ್ನು ಕೈಬಿಡನೆಂಬ ಮಾತು ಆ ಮನೆಯವರಿಗೆ ತಲಪುವದು ಬಹುಮಟ್ಟಿಗೆ ಆ ಕೈಗಳ ಮುಖಾಂತರವೇ.

91ನೆಯ ಕೀರ್ತನೆಯನ್ನೇ ಸೈತಾನನು ಒಮ್ಮೆ ಹಿಡಿದುಕೊಂಡು ಬಂದದ್ದನ್ನು ಮರೆಯಬಾರದು. ದೇವಾಲಯದ ಶಿಖರದ ಮೇಲೆ ಕರ್ತನನ್ನು ನಿಲ್ಲಿಸಿ, ದೂತರು ನಿನ್ನನ್ನು ಎತ್ತಿಹಿಡಿಯುವರು, ಧುಮುಕು ಎಂದನು. ವಾಕ್ಯವು ಸರಿಯಾದದ್ದೇ; ಪ್ರಯೋಗವು ಸುಳ್ಳು. ಕರ್ತನು ಧುಮುಕಲಿಲ್ಲ. ನಮ್ಮ ಬಂದರಿನವರಿಗೆ ಇದು ಬೇಗ ತಿಳಿಯುವದು. ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಂತ್ರದ ದೋಣಿಗಳು ಕಡಲಿಗಿಳಿಯಬಾರದೆಂಬ ನಿಯಮವಿದೆ. ಮೀನು ಮರಿಮಾಡುವ ಕಾಲವದು, ಕಡಲೂ ಆಗ ಒರಟು. ಬಿರುಗಾಳಿಯ ಮುನ್ಸೂಚನೆಯಿದ್ದಾಗ ದೇವರಿದ್ದಾನೆಂದು ದೋಣಿಯನ್ನು ದೂಡುವವನಿಗಿಂತ, ಆ ಎರಡು ತಿಂಗಳು ದಂಡೆಯಲ್ಲಿ ಕುಳಿತು ಬಲೆಯನ್ನು ಹೆಣೆಯುವವನ ನಂಬಿಕೆಯೇ ನಮ್ಮ ಅಭಿಪ್ರಾಯದಲ್ಲಿ ದೊಡ್ಡದು. ಔಷಧವನ್ನು ನಿಲ್ಲಿಸಿ ಪ್ರಾರ್ಥನೆಯೊಂದೇ ಸಾಕೆನ್ನುವ ಮನೆಯವರಿಗೂ ಇದೇ ಉತ್ತರ.

ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ಪಂಡಿತಾ ರಮಾಬಾಯಿಯವರ ಹೆಸರನ್ನು ಹೇಳದೆ ಈ ವಿಷಯವನ್ನು ಬರೆಯಲಾಗದು. ಅವರು 1858ರಲ್ಲಿ ಹುಟ್ಟಿದ್ದು ನಮ್ಮದೇ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ಹೆಂಡತಿಗೂ ಮಕ್ಕಳಿಗೂ ಸಂಸ್ಕೃತವನ್ನು ಕಲಿಸಿದ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರನ್ನೂ, ತಾಯಿಯನ್ನೂ, ಅಕ್ಕನನ್ನೂ ಅವರು ಕ್ಷಾಮದ ದಿನಗಳಲ್ಲಿ ಕಳೆದುಕೊಂಡರು. 1883ರಲ್ಲಿ ಇಂಗ್ಲಂಡದಲ್ಲಿ ದೀಕ್ಷಾಸ್ನಾನವಾಯಿತು. 1889ರಲ್ಲಿ ಮುಂಬಯಿಯಲ್ಲಿ ಶಾರದಾಸದನವನ್ನು ತೆರೆದರು. ಬ್ರಿಸ್ಟಲಿನಲ್ಲಿ ಜಾರ್ಜ್ ಮುಲ್ಲರ್ ಎಂಬವರು ಯಾರನ್ನೂ ಹಣ ಬೇಡದೆ, ದೇವರ ವಾಗ್ದಾನವನ್ನು ನಂಬಿ ಅನಾಥಾಲಯಗಳನ್ನು ನಡೆಸಿದ ಚರಿತ್ರೆಯನ್ನು ಅವರು ಓದಿದ್ದರು. 1896ರ ಕ್ಷಾಮ ಬಂದಾಗ ಅವರು ತಾವೇ ಕ್ಷಾಮದ ಸೀಮೆಗೆ ಹೋಗಿ ನೂರಾರು ಹುಡುಗಿಯರನ್ನೂ ವಿಧವೆಯರನ್ನೂ ಕರೆತಂದರು. ಅಷ್ಟು ಜನರಿಗೆ ಅನ್ನವೆಲ್ಲಿಂದ ಎಂಬದಕ್ಕೆ ಅಂದು ಅವರ ಕೈಯಲ್ಲಿ ಉತ್ತರವಿರಲಿಲ್ಲ. ಆದರೆ ಕೇಡಗಾವಿನ ಮುಕ್ತಿಸದನದಲ್ಲಿ ಅವರು ಪ್ರಾರ್ಥನೆ ಮಾಡಿ ಸುಮ್ಮನೆ ಕುಳಿತವರಲ್ಲ. ಬಾವಿ ತೋಡಿಸಿದರು, ಹೊಲ ಮಾಡಿಸಿದರು, ನೆಯ್ಗೆ ಕಲಿಸಿದರು, ಅಚ್ಚುಕೂಟ ಹಾಕಿ ಹುಡುಗಿಯರಿಂದಲೇ ಮೊಳೆ ಜೋಡಿಸಿದರು. ಇಬ್ರಿಯ ಗ್ರೀಕ ಭಾಷೆಗಳನ್ನು ಕಲಿತು ವೇದವನ್ನು ಮರಾಠಿಗೆ ತಿರುಗಿಸಿದರು. ಇದ್ದೊಬ್ಬ ಮಗಳು ಮನೋರಮೆಯು, ಅವರ ಕೆಲಸಕ್ಕೆಲ್ಲ ಬಲಗೈಯಾಗಿದ್ದವಳು, 1921ರಲ್ಲಿ ತೀರಿಕೊಂಡಳು. ತಾಯಿಯು ಭಾಷಾಂತರದ ಕೆಲಸವನ್ನು ಬಿಡಲಿಲ್ಲ. 1922ರ ಏಪ್ರಿಲ್ 5ರಂದು ಅವರೂ ಹೋದರು. ಪೂರ್ಣ ಗ್ರಂಥವು ಹೊರಬಿದ್ದದ್ದು 1924ರಲ್ಲಿ.

ನಮ್ಮ ಮನೆಗಳ ಲೆಕ್ಕ ಅಷ್ಟು ದೊಡ್ಡದಲ್ಲ. ತಿಂಗಳ ಕಡೆಯ ವಾರ, ಮಗಳ ಫೀಸು, ಗೊತ್ತಾಗದ ಸಂಬಂಧ, ಗಲ್ಫಿನಿಂದ ಬಾರದ ಹಣ, ಇವೇ. ಚಾರೆಪ್ತದ ವಿಧವೆಯ ಮಡಕೆಯಲ್ಲಿ ಹಿಟ್ಟು ತೀರದೆಂದು ಎಲೀಯನ ಮೂಲಕ ಮಾತು ಬಂದಿತ್ತು. ಮಡಕೆಯು ತುಂಬಿ ಚೆಲ್ಲಿತೆಂದು ಅಲ್ಲಿ ಬರೆದಿಲ್ಲ, ತೀರಲಿಲ್ಲ, ಅಷ್ಟೇ. ಅವಳು ದಿನದಿನವೂ ಬೊಗ್ಗಿ ಮಡಕೆಯ ತಳದಿಂದಲೇ ಹಿಟ್ಟು ತೆಗೆದಿರಬೇಕು. ಕೊರತೆಯನ್ನೆಲ್ಲ ದೇವರು ನೀಗಿಸುವನೆಂದು ಪೌಲನು ಫಿಲಿಪ್ಪಿಯವರಿಗೆ ಬರೆದದ್ದೂ ಸೆರೆಯಿಂದ, ಅದೂ ತಮ್ಮ ಬಡತನದಲ್ಲಿಯೂ ಅವನಿಗೆ ಸಹಾಯ ಕಳುಹಿಸಿದ ಜನರಿಗೆ. ಪಾಲಕರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಮಗಳು ಪರೀಕ್ಷೆಯಲ್ಲಿ ತಪ್ಪಿದಾಗ ಅವಳ ಕಾರ್ಡನ್ನು ಅವಳ ಮುಂದೆ ಹಿಡಿಯಬೇಡಿರಿ. ಅವಳು ತೇರ್ಗಡೆಯಾಗುವಳೆಂಬ ವಾಗ್ದಾನವನ್ನು ಯಾವ ಪ್ರವಾದಿಯೂ ಬರೆದಿಲ್ಲ. ಅವಳನ್ನು ಕೈಬಿಡೆನೆಂಬದು ಬರೆದಿದೆ, ಅದನ್ನು ಅವಳು ಮೊದಲು ಕಾಣಬೇಕಾದದ್ದು ನಿಮ್ಮ ಮುಖದಲ್ಲಿ.

ಕಾರ್ಡುಗಳ ಹಿಂಬದಿಯು ಸಾಧಾರಣವಾಗಿ ಖಾಲಿಯಿರುವದು. ಬರುವ ವರುಷ ಕಾರ್ಡು ಎತ್ತಿಕೊಂಡ ಮೇಲೆ ಮನೆಯಲ್ಲಿ ಆ ಅಧ್ಯಾಯವನ್ನು ಮೊದಲಿನಿಂದ ಕಡೆಯ ವರೆಗೆ ಒಟ್ಟಾಗಿ ಓದಿರಿ. ಆ ಮಾತನ್ನು ಯಾರು, ಯಾರಿಗೆ, ಯಾವ ಕಷ್ಟದಲ್ಲಿ ಹೇಳಿದರೆಂಬದನ್ನು ಆ ಖಾಲಿ ಬದಿಯಲ್ಲಿ ಎರಡು ಸಾಲಿನಲ್ಲಿ ಬರೆದಿಡಲಿ, ಬರೆಯುವ ಕೆಲಸವನ್ನು ಮನೆಯ ಚಿಕ್ಕ ಮಗಳಿಗೇ ಕೊಡಿರಿ. ಅಕ್ಷರ ಸೊಟ್ಟಾದರೆ ಚಿಂತೆಯಿಲ್ಲ.